ಬಿರಡೆ ತುಂಬಿದ ಬ್ಯಾಟು

ನಮ್ಮಲ್ಲಿ ಕ್ರಿಕೆಟ್ ಹೇಗೋ ಅಮೆರಿಕದಲ್ಲಿ ಬೇಸ್‌ಬಾಲ್ ಹಾಗೆ. ಅಲ್ಲಿನ ಬ್ಯಾಟು ಚಪ್ಪಟೆಯಲ್ಲ. ಒನಕೆಯಂತೆ ದುಂಡಗೆ, ಹಿಡಿಯ ಕಡೆ ಸಣ್ಣಗೆ. ವೃತ್ತಿಪರ ಪಂದ್ಯಗಳಲ್ಲಿ ಅದು ಒಂದೇ ಗಟ್ಟಿ ಮರದ ತುಂಡಿನಿಂದ ಕಡೆದದ್ದಾಗಿರಬೇಕೆಂಬುದು ನಿಯಮ. ಇದನ್ನು ಮೀರುವ ಉಪಾಯ ಬಲು ಸರಳ. ದಪ್ಪ ತುದಿಯಿಂದ ಬೈರಿಗೆಯಲ್ಲಿ ಸುಮಾರು ಹತ್ತು ಅಂಗುಲ ಆಳಕ್ಕೆ ತೂತು ಕೊರೆದು, ಸೀಸೆಯ ಬಿರಡೆಗೆ ಬಳಸುವ ಕಾರ್ಕನ್ನು ಅದರಲ್ಲಿ ತುರುಕಿ, ಮರದ ಪುಡಿಗೆ ಗೋಂದು ಬೆರೆಸಿ ಬಾಯಿ ಮುಚ್ಚಿ ನುಣುಪಾಗಿ ಉಜ್ಜಿದರೆ ಮುಗಿಯಿತು. ಬ್ಯಾಟು ಒಂದೆರಡು ಔನ್ಸು ಹಗುರಾಗುತ್ತದೆ. ಬೀಸು ಚುರುಕಾಗಿ ಚೆಂಡು ದೂರ ಹಾರುತ್ತದೆಂಬುದು ಆಟಗಾರರ ನಂಬಿಕೆ.

1961ರಲ್ಲಿ ಡೆಟ್ರಾಯ್ಟ್ ತಂಡದ ನಾರ್ಮ್ ಕ್ಯಾಶ್ ತನ್ನ ಲೀಗಿನಲ್ಲೇ ಅತ್ಯುತ್ತಮವಾದ .361 ಸರಾಸರಿ ಗಳಿಸಿದ. ಮುಂದೆಂದೂ ಆತ .300 ಮುಟ್ಟಲಿಲ್ಲ. ಆ ವರ್ಷ ಬಿರಡೆ ತುಂಬಿದ ಬ್ಯಾಟು ಬಳಸಿದ್ದೆನೆಂದು ನಿವೃತ್ತನಾದ ಮೇಲೆ ತಾನೇ ಹೇಳಿಕೊಂಡ. ಜನ ನಕ್ಕು ಸುಮ್ಮನಾದರು. 1974ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಗ್ರೇಗ್ ನೆಟಲ್ಸ್‌ನ ಬ್ಯಾಟು ಆಟದ ನಡುವೆಯೇ ತುದಿ ಕಳಚಿಕೊಂಡಾಗ ಒಳಗಿಂದ ಆರು ರಬ್ಬರ್ ಚೆಂಡುಗಳು ಪುಟಿದು ಬಂದವೆಂಬ ಕಥೆ ಇಂದಿಗೂ ಪ್ರಚಲಿತ. ಯಾರೋ ಅಭಿಮಾನಿ ಕೊಟ್ಟ ಬ್ಯಾಟು ಎಂದ ಆತ! ಹತ್ತು ದಿನ ಹೊರಗೆ ಕೂರಬೇಕಾಯಿತು.

ಪತ್ತೇದಾರಿ ಕಾದಂಬರಿಯನ್ನೂ ಮೀರಿಸುವ ಪ್ರಸಂಗ 1994ರ ಜುಲೈ 15ರಂದು ಷಿಕಾಗೋದಲ್ಲಿ ನಡೆಯಿತು. ಕ್ಲೀವ್‌ಲೆಂಡ್ ತಂಡದ ಆಲ್ಬರ್ಟ್ ಬೆಲ್‌ನ ಬ್ಯಾಟಿನ ಮೇಲೆ ಎದುರಾಳಿಗಳು ಶಂಕೆ ವ್ಯಕ್ತಪಡಿಸಿದರು. ಅಂಪೈರ್ ಅದನ್ನು ವಶಪಡಿಸಿಕೊಂಡು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿಸಿದರು. ಬೆಲ್‌ನ ತಂಡದ ಜೇಸನ್ ಗ್ರಿಮ್ಸ್‌ಲಿ ಎಂಬ ಬೌಲರ್, ತೆಳು ಚಾವಣಿಯ ಮೇಲಿನ ಸಂದಿಯಲ್ಲಿ ತೆವಳಿಕೊಂಡು ಹೋಗಿ, ಕೋಣೆಯೊಳಗಿಳಿದು ಬ್ಯಾಟನ್ನು ಬದಲಾಯಿಸಿ ಬಂದ. ಆದರೆ ಇಟ್ಟುಬಂದ ಬ್ಯಾಟಿನ ಮೇಲೆ ಪಾಲ್ ಸೊರೆಂಟೊ ಎಂಬ ಬೇರೊಬ್ಬ ಆಟಗಾರನ ಹೆಸರಿತ್ತು! ಬೆಲ್‌ನ ಬ್ಯಾಟುಗಳೆಲ್ಲ ಬಿರಡೆ ತುಂಬಿದವೇ ಆಗಿದ್ದುದರಿಂದ ಬೇರೆಯವರದನ್ನು ತರಬೇಕಾಯಿತೆಂದು ಆತನ ಜೊತೆಗಾರನೊಬ್ಬ ಮುಂದೆ ಬರೆದ. ಬೆಲ್‌ಗೆ ಕೊನೆಗೆ ಏಳು ಪಂದ್ಯಗಳ ನಿಷೇಧ. ಚಾವಣಿ ಏರಿದವನು ಬಾಯಿಬಿಟ್ಟದ್ದು 1999ರಲ್ಲಿ.

ಇವೆಲ್ಲ ನಗಿಸುವ ಕಥೆಗಳು. ಸ್ಯಾಮಿ ಸೋಸಾನದು ಹಾಗಲ್ಲ. ಡೊಮಿನಿಕನ್ ಗಣರಾಜ್ಯದಲ್ಲಿ ಚಿಕ್ಕಂದಿನಲ್ಲಿ ಬೂಟ್ ಪಾಲಿಷ್ ಮಾಡಿ ಬೆಳೆದವನು ಆತ. 1994ರ ಆಟಗಾರರ ಮುಷ್ಕರದಿಂದ ಬೇಸರಗೊಂಡಿದ್ದ ಪ್ರೇಕ್ಷಕರನ್ನು ಮತ್ತೆ ಮೈದಾನಕ್ಕೆ ಎಳೆತಂದದ್ದು 1998ರಲ್ಲಿ ಆತನಿಗೂ ಮಾರ್ಕ್ ಮೆಗ್ವಯರ್‌ಗೂ ನಡೆದ ಹೋಮ್ ರನ್ನುಗಳ ಪೈಪೋಟಿ. ಮೆಗ್ವಯರ್ 70, ಸೋಸಾ 66. 2003ರ ಜೂನ್ 3ರಂದು ಷಿಕಾಗೋ ಕಬ್ಸ್‌ನ ಸ್ವಂತ ಮೈದಾನದಲ್ಲಿ, ಮೊದಲ ಇನ್ನಿಂಗ್ಸಿನಲ್ಲೇ ಸೋಸಾನ ಬ್ಯಾಟು ಸೀಳಿತು. ಅಂಪೈರ್ ಚೂರುಗಳನ್ನು ಎತ್ತಿ ನೋಡಿದರೆ ಒಳಗೆ ಕಾರ್ಕ್! ಅಭ್ಯಾಸದ ವೇಳೆ ಪ್ರೇಕ್ಷಕರನ್ನು ರಂಜಿಸಲು ಇಟ್ಟುಕೊಂಡದ್ದು ತಪ್ಪಿ ಕೈಗೆ ಬಂತೆಂದು ಸೋಸಾ ಕ್ಷಮೆ ಕೇಳಿದ. ಆತನ ಉಳಿದ 76 ಬ್ಯಾಟುಗಳನ್ನು ಎಕ್ಸ್-ರೇಗೆ ಒಡ್ಡಿದರು. ಒಂದರಲ್ಲೂ ದೋಷವಿರಲಿಲ್ಲ. ಕೂಪರ್ಸ್‌ಟೌನಿನ ವಸ್ತುಸಂಗ್ರಹಾಲಯದಲ್ಲಿ ಗೌರವದಿಂದ ಇಟ್ಟಿದ್ದ ಆತನ ಬ್ಯಾಟುಗಳನ್ನೂ ತೆಗೆದು ಪರೀಕ್ಷಿಸಿದರು, ಅವೂ ಶುದ್ಧ. ಶಿಕ್ಷೆ ಏಳು ಪಂದ್ಯಗಳದ್ದಾದರೂ, ಹಳೆಯ ಹೊಡೆತಗಳನ್ನೆಲ್ಲ ಜನ ಮತ್ತೆ ತೂಗಿ ನೋಡತೊಡಗಿದರು. ಮುಂದೆ ಉತ್ತೇಜಕ ಔಷಧಗಳ ಆರೋಪವೂ ಸೇರಿಕೊಂಡಿತೆಂಬುದನ್ನು ಮರೆಯಬಾರದು. ಎಲ್ಲ ಭಾರವನ್ನೂ ಬ್ಯಾಟಿನ ಮೇಲೆ ಹೊರಿಸುವುದು ನ್ಯಾಯವಲ್ಲ. 609 ಹೋಮ್ ರನ್ನು ಹೊಡೆದವನಿಗೆ ಹಾಲ್ ಆಫ್ ಫೇಮ್‌ನ ಬಾಗಿಲು ತೆರೆಯಲಿಲ್ಲ. ಬೇಕಾದದ್ದು ಶೇಕಡಾ 75 ಮತ. 2022ರ ಕೊನೆಯ ಅವಕಾಶದಲ್ಲಿ ಸಿಕ್ಕಿದ್ದು 18.5.

ಇಷ್ಟಕ್ಕೂ ಬಿರಡೆಯಿಂದ ಲಾಭವೇನು? ಅಮೆರಿಕದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಗುರ ಸುತ್ತಿಗೆಯನ್ನು ಬೇಗ ಬೀಸಬಹುದು, ಮೊಳೆ ಮಾತ್ರ ಆಳಕ್ಕಿಳಿಯದು, ಇಲ್ಲೂ ಹಾಗೆಯೇ. ಬೀಸಿನ ವೇಗ ಕೊಟ್ಟದ್ದನ್ನು ತೂಕದ ಕೊರತೆ ಕಸಿದುಕೊಳ್ಳುತ್ತದೆ, ಕಾರ್ಕ್ ಚೆಂಡನ್ನು ಪುಟಿಸುವುದೂ ಇಲ್ಲ. ಚೆಂಡಿಗೆ ಬ್ಯಾಟು ತಗುಲಿಸುವುದು ತುಸು ಸುಲಭವಾಗಬಹುದು, ಆದರೆ ಚೆಂಡು ಹೆಚ್ಚು ದೂರ ಹೋಗುವುದಿಲ್ಲ. ಸೋಸಾನಿಗೆ ಬೇಕಾಗಿದ್ದುದು ದೂರವೇ.

ಆತನೂ ಕಬ್ಸ್ ತಂಡವೂ ಸುಮಾರು ಎರಡು ದಶಕ ಮುಖ ತಿರುಗಿಸಿಕೊಂಡೇ ಇದ್ದರು. 2024ರ ಡಿಸೆಂಬರಿನಲ್ಲಿ ಸೋಸಾ, ಯಾವುದೆಂದು ವಿವರಿಸದೆ, ತಪ್ಪುಗಳಿಗಾಗಿ ಕ್ಷಮೆ ಕೇಳಿದ. ಮುಂದಿನ ವರ್ಷ ಹಳೆಯ ಮೈದಾನಕ್ಕೆ ಮರಳಿದ.