ಜರ್ಮನ್ ಜಿರಲೆಯ ತವರುಮನೆ

ರಾತ್ರಿ ನೀರು ಕುಡಿಯಲೆಂದು ಎದ್ದು ಅಡುಗೆಮನೆಯ ದೀಪ ಹಾಕಿದರೆ ಕಟ್ಟೆಯ ಮೇಲಿಂದ ಸರಸರನೆ ಓಡಿ ಸಂದು ಸೇರುವ ಜಿರಲೆಯನ್ನು ಕಾಣದ ಮನೆ ಮಂಡ್ಯದಲ್ಲಾಗಲಿ, ಮದ್ದೂರಿನಲ್ಲಾಗಲಿ ಅಪರೂಪ. ಬೆಳಗಾದರೆ ಅಂಗಡಿಯಿಂದ ಸ್ಪ್ರೇ ಡಬ್ಬಿಯೋ, ವಿಷದ ಸೀಮೆಸುಣ್ಣವೋ ಬರುತ್ತದೆ. ತಿಂಗಳು ಕಳೆದರೆ ಮತ್ತೆ ಅದೇ ಪಾಡು. ಓಡಿದ್ದು ಯಾವ ಜಿರಲೆ ಎಂದು ಯಾರೂ ನೋಡಿರುವುದಿಲ್ಲ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಜಾತಿ. ಬಚ್ಚಲ ಮೋರಿಯಿಂದ ಮೇಲೆ ಬರುವ, ಸುಮಾರು 4 ಸೆಂಟಿಮೀಟರ್ ಉದ್ದದ, ಕೆಂಗಂದು ಬಣ್ಣದ ದಾಂಡಿಗನಿಗೆ ಅಮೆರಿಕನ್ ಜಿರಲೆ ಎಂದು ಹೆಸರು. ಫ್ರಿಜ್ಜಿನ ಹಿಂದೆ, ಮಿಕ್ಸಿಯ ಅಡಿ, ಬೀರುವಿನ ಕೀಲುಗಳಲ್ಲಿ ಬೆಚ್ಚಗೆ ಕೂರುವ, ಒಂದೂವರೆ ಸೆಂಟಿಮೀಟರ್ ಮೀರದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ತಿಳಿಗಂದು ಬಣ್ಣದ್ದು ಜರ್ಮನ್ ಜಿರಲೆ. ಎರಡು ಹೆಸರೂ ದಾರಿ ತಪ್ಪಿಸುವಂಥವು. ಮೊದಲನೆಯದು ಆಫ್ರಿಕಾ ಮೂಲದ್ದು, ಗುಲಾಮರನ್ನು ಸಾಗಿಸಿದ ಹಡಗುಗಳಲ್ಲಿ ಅಮೆರಿಕ ಸೇರಿತು. ಎರಡನೆಯದಕ್ಕೆ ಸ್ವೀಡನ್ನಿನ ಲಿನ್ನೇಯಸ್ 1767ರಲ್ಲಿ ಜರ್ಮನಿಯ ಹೆಸರಿಟ್ಟ. ರಷ್ಯನ್ನರು ಅದನ್ನು ಪ್ರಷ್ಯದವನೆಂದು ಕರೆದರು. ಬೇಡದ ನೆಂಟನ ಊರು ಯಾವಾಗಲೂ ಪಕ್ಕದ್ದೇ!

ಈ ಜಗಳಕ್ಕೆ ಉತ್ತರ ಸಿಕ್ಕಿದ್ದು 2024ರಲ್ಲಿ. 17 ದೇಶಗಳಿಂದ ತಂದ 281 ಜಿರಲೆಗಳ ವಂಶವಾಹಿಗಳನ್ನು ಹೋಲಿಸಿದ ವಿಜ್ಞಾನಿಗಳು, ಇದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ ಬಯಲಿನ ಏಷ್ಯನ್ ಜಿರಲೆಯಿಂದ ಕವಲೊಡೆದು ಮನುಷ್ಯರ ಮನೆ ಸೇರಿರಬೇಕೆಂದು ಕಂಡುಕೊಂಡರು. ಅಂದರೆ ತಲಕಾಡಿನ ಗಂಗರು ರಾಜ್ಯ ಕಟ್ಟುವುದಕ್ಕೂ ಕೆಲವು ಶತಮಾನ ಮೊದಲು. ಸುಮಾರು 1,200 ವರ್ಷಗಳ ಹಿಂದೆ ಅರಬರ ವ್ಯಾಪಾರ ಮಾರ್ಗದಲ್ಲಿ ಪಶ್ಚಿಮಕ್ಕೆ, 390 ವರ್ಷಗಳ ಹಿಂದೆ ಐರೋಪ್ಯ ಕಂಪನಿಗಳ ಸರಕಿನೊಡನೆ ಪೂರ್ವಕ್ಕೆ ಹೋಯಿತು. ಕಾಡಿನಲ್ಲಿ ಈಗ ಇದಕ್ಕೆ ನೆಲೆಯಿಲ್ಲ. ಹೋದಲ್ಲೆಲ್ಲ ನಾವೇ ಹೊತ್ತೊಯ್ದೆವು.

ಹೊರಲು ನಮ್ಮಲ್ಲಿ ದಾರಿಗಳೇನು ಕಡಿಮೆಯೇ? 1882ರಲ್ಲಿ ಬೆಂಗಳೂರಿನ ರೈಲು ಮದ್ದೂರು, ಮಂಡ್ಯ ದಾಟಿ ಮೈಸೂರು ಮುಟ್ಟಿತು. ಆಲೆಮನೆಯ ಬೆಲ್ಲ, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಎಲ್ಲವೂ ಜಿರಲೆಗೆ ಸವಾರಿಯೇ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ದುಡಿದವರಲ್ಲಿ ಪ್ರಮುಖನಾದ ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದದ್ದು ಕೀಟ ಹಾಗೂ ಶಿಲೀಂಧ್ರ ತಜ್ಞನಾಗಿ. ಬೆಳೆಯ ಕೀಟಕ್ಕೆ ಇಲಾಖೆ ಹುಟ್ಟಿತು. ಅಡುಗೆಮನೆಯ ಕೀಟ ಮಾತ್ರ ಗೃಹಿಣಿಯ ಪಾಲಿಗೇ ಉಳಿಯಿತು.

ಆಕೆಯ ಕೈಗೆ ಸಿಕ್ಕಿದ್ದು ವಿಷ. ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಅದು ಸುಲಭದ ಮಾತಲ್ಲ. ಇಲ್ಲಿ ಎಷ್ಟೋ ಕುಟುಂಬಗಳು ವಾಸದ ಮನೆಯಲ್ಲೇ, ಇಲ್ಲವೇ ಅದಕ್ಕೆ ಹೊಂದಿದ ಕೋಣೆಯಲ್ಲೇ ರೇಷ್ಮೆಹುಳು ಸಾಕುತ್ತವೆ. ಜಿರಲೆಯೂ ಕೀಟ, ರೇಷ್ಮೆಹುಳುವೂ ಕೀಟ. ವಿಷಕ್ಕೆ ಭೇದ ತಿಳಿಯದು. ಸ್ಪ್ರೇಯಲ್ಲೂ ಸೀಮೆಸುಣ್ಣದಲ್ಲೂ ಇರುವ ಪೈರೆಥ್ರಾಯ್ಡ್ ವರ್ಗದ ಔಷಧ ರೇಷ್ಮೆಹುಳುವಿಗೆ ಅತಿ ಕಡಿಮೆ ಪ್ರಮಾಣದಲ್ಲೇ ಮಾರಕ. ಕಟ್ಟೆಗೆ ಹೊಡೆದದ್ದು ಕೈಗೆ ಅಂಟಿ, ಕೈಯಿಂದ ಹಿಪ್ಪುನೇರಳೆ ಸೊಪ್ಪಿಗೆ ತಗುಲಿದರೆ, ಚಂದ್ರಿಕೆಗೆ ಏರಬೇಕಾದ ಹುಳು ತಟ್ಟೆಯಲ್ಲೇ ಸಾಯುತ್ತದೆ. ಒಂದು ಬೆಳೆಯೇ ಹೋದಂತೆ.

ಇಷ್ಟಾದರೂ ಜಿರಲೆ ಸಾಯುವ ಖಾತರಿಯಿಲ್ಲ. 1950ರ ದಶಕದಿಂದಲೇ ಜರ್ಮನ್ ಜಿರಲೆ ಒಂದೊಂದಾಗಿ ವಿಷಗಳನ್ನು ಜೀರ್ಣಿಸಿಕೊಳ್ಳಲು ಕಲಿಯಿತು. ಸಿಹಿ ಕಲಸಿದ ವಿಷದ ಆಹಾರವನ್ನೂ ಅಮೆರಿಕದ ಕೆಲವು ಜಿರಲೆಗಳು ಮುಟ್ಟದಾದವು. ಇದು 1993ರಲ್ಲಿ ವರದಿಯಾಯಿತು. ಗ್ಲೂಕೋಸ್ ಅವಕ್ಕೆ ಕಹಿಯಾಗಿ ತೋರುತ್ತದೆಂದು 2013ರಲ್ಲಿ ತಿಳಿಯಿತು. ಸಕ್ಕರೆ ನಾಡಿನವರು ನಂಬಲಾರದ ಸಂಗತಿ!

ಹಾಗಾದರೆ ದಾರಿ? ದೊಡ್ಡ ಜಿರಲೆಗೆ ಮೋರಿಯ ಬಾಯಿಗೆ ಜಾಲರಿ, ಕೊಳವೆಯ ಸುತ್ತಲ ಬಿರುಕಿಗೆ ಸಿಮೆಂಟು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಸಣ್ಣದಕ್ಕೆ ರಾತ್ರಿ ಎಂಜಲು ಪಾತ್ರೆ ಬಿಡಬಾರದು. ಸಿಂಕು ಒಣಗಿರಬೇಕು, ಏಕೆಂದರೆ ಅದು ಹಸಿವು ತಾಳಿದಷ್ಟು ಬಾಯಾರಿಕೆ ತಾಳದು. ಅಂಗಡಿಯಿಂದ ಬಂದ ರಟ್ಟು, ಗೋಣಿಯನ್ನು ಒಳಗೆ ಕೂಡಿಡಬಾರದು. ಸಂದುಗಳಿಗೆ ಜೆಲ್ ಔಷಧದ ಚುಕ್ಕೆ, ಇಲ್ಲವೇ ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನು ಗಾಳಿಗೆ ಹಾರದಂತೆ ತೆಳುವಾಗಿ ಹಾಕಬಹುದು. ಇವು ಕೋಣೆಯ ತುಂಬ ಹರಡುವುದಿಲ್ಲ. ಆದರೂ ಮಕ್ಕಳ ಕೈಗೆ ಎಟುಕಬಾರದು, ಹುಳುಮನೆಗೂ ಸೊಪ್ಪಿಗೂ ದೂರವಿರಬೇಕು, ಹಾಕಿದವರು ಸೋಪಿನಲ್ಲಿ ಕೈ ತೊಳೆಯಬೇಕು.

ಜರ್ಮನ್ ಹೆಣ್ಣು 30ರಿಂದ 40 ಮೊಟ್ಟೆಗಳ ಕೋಶವನ್ನು ಮರಿಯಾಗುವವರೆಗೂ ಬೆನ್ನ ತುದಿಯಲ್ಲೇ ಹೊತ್ತಿರುತ್ತದೆ. ಹೊರುವ ಅವಧಿ ಹೆಚ್ಚುಕಡಿಮೆ ನಾಲ್ಕು ವಾರ. ಮೊದಲ ಸಲ ಹಾಕಿದ ಔಷಧಕ್ಕೆ ಸಿಕ್ಕದ ಮರಿಗಳು ಹೊರಬರುವುದು ಆಗಲೇ. ತಿಂಗಳಾದ ಮೇಲೆ ಅದೇ ಸಂದುಗಳಿಗೆ ಎರಡನೆಯ ಸಲ ಔಷಧ ಹಾಕಬೇಕಾಗುತ್ತದೆ.