ಪುಷ್ಪಕ ವಿಮಾನ: ಮಾತಿಲ್ಲದ ಹಾಸ್ಯಚಿತ್ರ

ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ‘ಪುಷ್ಪಕ ವಿಮಾನ’ 1987ರಲ್ಲಿ ತೆರೆಕಂಡ ಸಂಭಾಷಣೆರಹಿತ ಹಾಸ್ಯಚಿತ್ರ. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ನಿರ್ದೇಶಕರೊಡನೆ ಶೃಂಗಾರ್ ನಾಗರಾಜ್ ನಿರ್ಮಾಪಕರು. ಛಾಯಾಗ್ರಹಣ ಬಿ.ಸಿ. ಗೌರಿಶಂಕರ್, ಸಂಗೀತ ಎಲ್. ವೈದ್ಯನಾಥನ್.

ನಿರುದ್ಯೋಗಿ ಯುವಕನೊಬ್ಬ (ಕಮಲ್ ಹಾಸನ್) ಬೀದಿಯಲ್ಲಿ ಕುಡಿದು ಬಿದ್ದ ಸಿರಿವಂತನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ಅವನ ಐಷಾರಾಮಿ ಹೋಟೆಲ್ ಕೊಠಡಿ ಸೇರುತ್ತಾನೆ. ಅಲ್ಲಿನ ನಿಶ್ಶಬ್ದದಲ್ಲಿ ನಿದ್ರೆ ಬಾರದೆ, ಹಳೆಯ ಕೋಣೆಯ ನೆರೆಯ ಚಿತ್ರಮಂದಿರದ ಗದ್ದಲವನ್ನು ಟೇಪಿನಲ್ಲಿ ಮುದ್ರಿಸಿ ತಂದು ಕೇಳುತ್ತಾನೆ. ಕೊನೆಗೆ ಪ್ರೇಯಸಿ (ಅಮಲಾ) ಎಸೆದ ಚೀಟಿ ಗಾಳಿಗೆ ಹಾರಿ ಚರಂಡಿ ಪಾಲಾಗುತ್ತದೆ. ಅವನು ಮತ್ತೆ ಉದ್ಯೋಗಾರ್ಥಿಗಳ ಸಾಲಿನಲ್ಲಿ ನಿಲ್ಲುತ್ತಾನೆ.

1916ರ ‘ದ ಪಾನ್‌ಶಾಪ್’ನಲ್ಲಿ ಗಿರವಿ ಅಂಗಡಿಯ ಎಡವಟ್ಟು ನೌಕರನಾಗಿದ್ದ ಚಾಪ್ಲಿನ್‌ಗೆ ಮೌನ ಅನಿವಾರ್ಯವಾಗಿತ್ತು. ಸಿಂಗೀತಂ ಅದನ್ನು ತಾವೇ ಆರಿಸಿಕೊಂಡರು. ಕೆಲಸವಿಲ್ಲದವನ ಅಳಲು ಭಾಷೆಯ ಗಡಿ ದಾಟಿತು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಸಂದಿತು.