ಥೈರಾಯ್ಡ್ ಗ್ರಂಥಿಯೂ ರಕ್ತದ ಸುಣ್ಣಾಂಶವೂ

ಕತ್ತಿನ ಮುಂಭಾಗದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡಿರುವ ಥೈರಾಯ್ಡ್ ಎಂಬ ನಿರ್ನಾಳ ಗ್ರಂಥಿಗೂ ರಕ್ತದಲ್ಲಿನ ಕ್ಯಾಲ್ಸಿಯಮ್ಮಿಗೂ, ಎಂದರೆ ಸುಣ್ಣಾಂಶಕ್ಕೂ, ಇರುವ ಸಂಬಂಧವನ್ನು ವೈದ್ಯಶಾಸ್ತ್ರವು ತಪ್ಪು ತಿಳಿದು, ತಿದ್ದಿಕೊಂಡು ಅರಿತ ಚರಿತ್ರೆಯಿದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗೆ ಸುಣ್ಣವೆಂದರೆ ಗೋಡೆಗೆ ಬಳಿಯುವ, ವೀಳ್ಯದೆಲೆಗೆ ಸವರುವ ಪದಾರ್ಥ. ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯು ನೆಚ್ಚಿದ್ದೂ ಸುಣ್ಣಕಲ್ಲನ್ನೇ. ನಿತ್ಯದ ಮುದ್ದೆಯ ರಾಗಿಯಲ್ಲಿಯೂ 100 ಗ್ರಾಮಿಗೆ ಸುಮಾರು 340 ಮಿಲಿಗ್ರಾಮಿನಷ್ಟು ಅದೇ ಸುಣ್ಣಾಂಶವಿದೆ. ಆದರೆ ಉಂಡುದು ಹೆಚ್ಚಿರಲಿ, ಕಡಮೆಯಿರಲಿ, ಆರೋಗ್ಯವಂತನ ರಕ್ತದಲ್ಲಿ ಈ ಅಂಶವು 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಮಿನ ಇಕ್ಕಟ್ಟಾದ ಎಲ್ಲೆಯೊಳಗೇ ನಿಲ್ಲುತ್ತದೆ.

ಈ ಎಲ್ಲೆಯನ್ನು ಕಾಯುವವರಾರೆಂಬ ಪ್ರಶ್ನೆಗೆ ಉತ್ತರವು ಶಸ್ತ್ರವೈದ್ಯರ ಮೇಜಿನ ಮೇಲೆ, ರೋಗಿಗಳ ದಾರುಣ ಸಂಕಟದ ಮೂಲಕವೇ ದೊರಕಬೇಕಾಯಿತು. 1880ರ ಸುಮಾರಿನಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತನು ಊದಿದ ಥೈರಾಯ್ಡನ್ನು, ಎಂದರೆ ಗಳಗಂಡವನ್ನು, ಕತ್ತರಿಸಿ ತೆಗೆದ ಕೆಲವರಿಗೆ ಕೈಕಾಲುಗಳು ಸೆಟೆದು ಪ್ರಾಣಕ್ಕೇ ಅಪಾಯವೊದಗಿತು. ಬರ್ನ್ ನಗರದ ಕೋಕರನ ರೋಗಿಗಳಾದರೋ ಸೆಟೆತಕ್ಕೆ ಅಷ್ಟಾಗಿ ಗುರಿಯಾಗದಿದ್ದರೂ, ಮೈ ಊದಿ, ಬುದ್ಧಿ ಮಂದವಾಗಿ ಜಡರಾದರು. ಇಬ್ಬರ ಕೈಚಳಕವನ್ನೂ ಬಲ್ಲ ಅಮೆರಿಕದ ಹಾಲ್‌ಸ್ಟೆಡ್ ಇದರ ಮರ್ಮವನ್ನು ಬಿಡಿಸಿ ಹೇಳಿದನು: ರಕ್ತ ಸುರಿಯದಂತೆ ನಿಧಾನವಾಗಿ ಬಿಡಿಸುತ್ತಿದ್ದ ಕೋಕರನು ಥೈರಾಯ್ಡನ್ನು ನಿಶ್ಶೇಷವಾಗಿ ತೆಗೆದು ಅದರ ಹಿಂದಿನದನ್ನು ಉಳಿಸಿದ್ದನು, ವೇಗವಾಗಿ ಕತ್ತರಿಸುತ್ತಿದ್ದ ಬಿಲ್‌ರೋತನು ಆ ಹಿಂದಿನದನ್ನೂ ಕಳೆದಿದ್ದನು.

ಹಿಂದೆ ಇದ್ದುದು, ತೊಗರಿಬೇಳೆಯಷ್ಟು ಗಾತ್ರದ, ಸಾಮಾನ್ಯವಾಗಿ ನಾಲ್ಕಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಇವನ್ನು ರಿಚರ್ಡ್ ಓವೆನ್ ಎಂಬಾತನು 19ನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ನಮ್ಮ ದೇಶದ ಘೇಂಡಾಮೃಗವೊಂದರಲ್ಲಿ ಕಂಡಿದ್ದನು. ಮನುಷ್ಯನಲ್ಲಿ ಗುರುತಿಸಿ 1880ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಉಪ್ಸಾಲದ ಯುವಕ ಸಾಂಡ್‌ಸ್ಟ್ರಾಮ್. ಆತನ ಬರೆಹವನ್ನು ಆ ಕಾಲದವರು ಗಮನಿಸಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದುವೋ ಎಂದು ನೆನೆದರೆ ಮನಸ್ಸು ಮರುಗುತ್ತದೆ. ಕೋಕರನಿಗೆ ನೊಬೆಲ್ ಬಹುಮಾನ ಸಂದ 1909ರಲ್ಲಿಯೇ ಬಾಲ್ಟಿಮೋರಿನ ಮೆಕಲಮ್ ಮತ್ತು ಫೋಕ್ಟ್‌ಲಿನ್ ಎಂಬವರು, ಈ ಗ್ರಂಥಿಗಳನ್ನು ಕಳೆದುಕೊಂಡ ಪ್ರಾಣಿಗಳ ರಕ್ತದಲ್ಲಿ ಸುಣ್ಣಾಂಶವು ಕುಗ್ಗುವುದೆಂದೂ, ಅದರ ಲವಣವನ್ನು ಕೊಟ್ಟರೆ ಸೆಟೆತವು ಇಳಿಯುವುದೆಂದೂ ತೋರಿಸಿದರು. 1925ರಲ್ಲಿ ಕಾಲಿಪ್ ಎಂಬಾತನು ಈ ಗ್ರಂಥಿಗಳ ಸಾರವನ್ನೇ ತೆಗೆದನು.

ಹಾಗೆಂದು ಥೈರಾಯ್ಡಿಗೆ ಇದರಲ್ಲಿ ಪಾಲೇ ಇಲ್ಲವೆನ್ನಲಾಗದು. ಅದರ ಸ್ರಾವವು ಅತಿಯಾದರೆ ಮೂಳೆಯು ಸವೆದು ಸುಣ್ಣಾಂಶವು ರಕ್ತಕ್ಕಿಳಿಯುತ್ತದೆ. ಅಂಥ ರೋಗಿಯೊಬ್ಬಳ ಮೂಳೆಗಳು ಹುಳು ತಿಂದಂತಿದ್ದುದನ್ನು ರೆಕ್ಲಿಂಗ್‌ಹೌಸೆನ್ 1891ರಲ್ಲಿಯೇ ವರ್ಣಿಸಿದ್ದನು. ಸುಣ್ಣಾಂಶವನ್ನು ತಗ್ಗಿಸುವ ಕ್ಯಾಲ್ಸಿಟೋನಿನ್ 1960ರ ದಶಕದಲ್ಲಿ ಪತ್ತೆಯಾಯಿತು. ಅದು ಥೈರಾಯ್ಡಿನಲ್ಲಿಯೇ ಜನಿಸುವುದಾದರೂ ಮನುಷ್ಯರಲ್ಲಿ ಅದರ ಪ್ರಭಾವ ಅಲ್ಪ.

ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರಿಗೆ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟಿದರೆ ಅದನ್ನು ನಿಶ್ಶಕ್ತಿಯೆಂದು ಕಡೆಗಣಿಸದೆ ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ಥೈರಾಯ್ಡಿನ ಮಾತ್ರೆಗೂ ಕ್ಯಾಲ್ಸಿಯಮ್ ಮಾತ್ರೆಗೂ ನಡುವೆ 4 ಗಂಟೆಯ ಅಂತರವಿರಬೇಕು, ಇಲ್ಲವಾದರೆ ಮೊದಲನೆಯದು ಮೈಗೆ ಸರಿಯಾಗಿ ಹತ್ತುವುದಿಲ್ಲ.